ಸೂಪರ್ ಬೌಲ್: ಒಂದು ಭಾನುವಾರ ಹಬ್ಬವಾದ ಬಗೆ

ಸೂಪರ್ ಬೌಲ್ ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಅಂತಿಮ ಪಂದ್ಯ. ಸೆಪ್ಟೆಂಬರಿನಲ್ಲಿ 32 ತಂಡಗಳು ಆಟ ಶುರು ಮಾಡುತ್ತವೆ. ಕೊನೆಗೆ ಉಳಿದ ಎರಡು ತಂಡಗಳು ಫೆಬ್ರವರಿಯ ಒಂದು ಭಾನುವಾರ ಸಂಜೆ ಎದುರಾಗುತ್ತವೆ. ಭಾರತದಲ್ಲಿ ಆಗ ಸೋಮವಾರದ ನಸುಕಿನ ಐದು ಗಂಟೆ. 2025ರ ಫೆಬ್ರವರಿ 9ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ಪಂದ್ಯವನ್ನು ಅಮೆರಿಕದಲ್ಲಿ ಸರಾಸರಿ 12 ಕೋಟಿ 77 ಲಕ್ಷ ಜನ ನೋಡಿದರು. ಅದು ಆ ದೇಶದ ಜನಸಂಖ್ಯೆಯ ಮೂರನೇ ಒಂದು ಪಾಲಿಗಿಂತಲೂ ಹೆಚ್ಚು. ಈ ದಿನಕ್ಕೆ ಪುರಾಣವಿಲ್ಲ, ಪೂಜೆಯಿಲ್ಲ, ಸರ್ಕಾರಿ ರಜೆಯೂ ಇಲ್ಲ. ಆದರೂ ನೆಂಟರು ಸೇರುತ್ತಾರೆ, ಅಡುಗೆಯಾಗುತ್ತದೆ, ಬೀದಿಗಳು ಖಾಲಿಯಾಗುತ್ತವೆ. ಈ ಹಬ್ಬ ಜನರ ನಡುವೆ ತಾನಾಗಿ ಹುಟ್ಟಿದ್ದಲ್ಲ. ಪರಸ್ಪರ ಕಚ್ಚಾಡುತ್ತಿದ್ದ ಎರಡು ವ್ಯಾಪಾರಿ ಕೂಟಗಳ ರಾಜಿಯಿಂದ 1966ರಲ್ಲಿ ಹುಟ್ಟಿ, ಟೆಲಿವಿಷನ್ನಿನ ಆಸರೆಯಲ್ಲಿ ಬೆಳೆದದ್ದು.

ಆಟದ ಸ್ವರೂಪ ಗೊತ್ತಿದ್ದರೆ ಟೆಲಿವಿಷನ್ನಿಗೂ ಅದಕ್ಕೂ ಇರುವ ನಂಟು ಅರ್ಥವಾಗುತ್ತದೆ. ನೂರು ಗಜ ಉದ್ದದ ಮೈದಾನ, ಒಂದೊಂದು ಕಡೆ ಹನ್ನೊಂದು ಆಟಗಾರರು. ಚೆಂಡು ಹಿಡಿದ ತಂಡ ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಯತ್ನ ಸಿಗುತ್ತವೆ, ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ಎದುರಾಳಿಯ ಗೆರೆ ದಾಟಿಸಿದರೆ ಟಚ್‌ಡೌನ್, ಅದಕ್ಕೆ ಆರು ಅಂಕ. ಚೆಂಡನ್ನು ಯಾರ ಕೈಗೆ ಕೊಡಬೇಕು, ಎತ್ತ ಎಸೆಯಬೇಕು ಎಂದು ಕ್ಷಣಾರ್ಧದಲ್ಲಿ ನಿರ್ಧರಿಸುವವನು ಕ್ವಾರ್ಟರ್‌ಬ್ಯಾಕ್. ಅವನೇ ತಂಡದ ಮಿದುಳು. ಒಂದೊಂದು ಯತ್ನವೂ ಕೆಲವೇ ಸೆಕೆಂಡುಗಳಲ್ಲಿ ಮುಗಿದು ಆಟ ನಿಲ್ಲುತ್ತದೆ. ಅರವತ್ತು ನಿಮಿಷದ ಗಡಿಯಾರದ ಈ ಆಟ ಮುಗಿಯಲು ಮೂರು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಅದರಲ್ಲಿ ಚೆಂಡು ನಿಜವಾಗಿ ಚಲನೆಯಲ್ಲಿರುವುದು ಸುಮಾರು ಹನ್ನೊಂದು ನಿಮಿಷ ಮಾತ್ರ. ಕ್ರಿಕೆಟ್ಟಿನಲ್ಲಿ ಓವರು ಮುಗಿದಾಗ ಜಾಹೀರಾತಿಗೆ ಜಾಗ ಸಿಗುವಂತೆ ಇಲ್ಲಿಯೂ ಬಿಡುವುಗಳು ಸಿಗುತ್ತವೆ. ಆ ಬಿಡುವುಗಳಲ್ಲಿ ಮರುಪ್ರದರ್ಶನ, ವಿಶ್ಲೇಷಣೆ, ಜಾಹೀರಾತು ಎಲ್ಲಕ್ಕೂ ಎಡೆಯಿದೆ.

ಈ ಆಟ ಬೆಳೆದದ್ದು ಕಾಲೇಜುಗಳಲ್ಲಿ. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳು ಆಡಿದ ಪಂದ್ಯವನ್ನು ಮೊದಲನೆಯದೆಂದು ಎಣಿಸುವುದು ವಾಡಿಕೆ. 1880ರ ದಶಕದಲ್ಲಿ ಯೇಲ್‌ನ ವಾಲ್ಟರ್ ಕ್ಯಾಂಪ್ ರೂಪಿಸಿದ ನಿಯಮಗಳು ಅದನ್ನು ರಗ್ಬಿಯಿಂದ ಬೇರ್ಪಡಿಸಿದವು. ಮೊದಲಿನಿಂದಲೂ ಇದು ಮೈಮುರಿಯುವ ಆಟ. 1905ರ ಒಂದೇ ಋತುವಿನಲ್ಲಿ ಹದಿನೆಂಟು–ಹತ್ತೊಂಬತ್ತು ಮಂದಿ ಮೈದಾನದ ಪೆಟ್ಟಿನಿಂದ ಸತ್ತಾಗ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲೇಜುಗಳ ಮುಖಂಡರನ್ನು ಕರೆಸಿ ಮಾತಾಡಬೇಕಾಯಿತು. ಮರುವರ್ಷ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿ ಆಟದ ಸ್ವರೂಪ ಬದಲಾಯಿತು. ಕಾಲೇಜು ಪಂದ್ಯಗಳಿಗೆ ಹಬ್ಬದ ಕಳೆ ಆಗಲೇ ಇತ್ತು. ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಹೊಸವರ್ಷದ ಹೊತ್ತಿಗೆ ನಡೆಯುವ ರೋಸ್ ಬೌಲ್ ಪಂದ್ಯ ಎಲ್ಲಕ್ಕಿಂತ ಹೆಸರುವಾಸಿ. ಬಟ್ಟಲಿನಾಕಾರದ ಕ್ರೀಡಾಂಗಣದಿಂದ ಬಂದ ಆ ‘ಬೌಲ್’ ಎಂಬ ಹೆಸರೇ ಮುಂದೆ ದೊಡ್ಡ ಪಂದ್ಯಗಳಿಗೆಲ್ಲ ಅಂಟಿಕೊಂಡಿತು.

ಹಣಕ್ಕಾಗಿ ಆಡುವವರನ್ನು ಮಾತ್ರ ಬಹುಕಾಲ ಯಾರೂ ಗೌರವದಿಂದ ಕಾಣಲಿಲ್ಲ. 1920ರಲ್ಲಿ ಒಹಾಯೋದ ಕ್ಯಾಂಟನ್ ಪಟ್ಟಣದ ಒಂದು ಕಾರು ಮಾರಾಟ ಮಳಿಗೆಯಲ್ಲಿ ಕೆಲವು ತಂಡಗಳ ಮಾಲೀಕರು ಸೇರಿ ಕಟ್ಟಿಕೊಂಡ ಸಂಘವೇ ಎರಡು ವರ್ಷಗಳ ನಂತರ ಎನ್‌ಎಫ್‌ಎಲ್ ಎಂಬ ಹೆಸರು ಪಡೆಯಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಬೇಸ್‌ಬಾಲ್ ಮತ್ತು ಕಾಲೇಜು ಫುಟ್‌ಬಾಲಿನ ನೆರಳಲ್ಲೇ ಉಳಿಯಿತು. ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ 1958ರ ಡಿಸೆಂಬರ್ 28ರಂದು ನಡೆದ ಲೀಗ್ ಫೈನಲ್ ಆ ನೆರಳನ್ನು ಸರಿಸಿತು. ಬಾಲ್ಟಿಮೋರ್ ಕೋಲ್ಟ್ಸ್ ಮತ್ತು ನ್ಯೂಯಾರ್ಕ್ ಜಯಂಟ್ಸ್ ನಡುವಿನ ಆಟ ಸಮಬಲವಾಗಿ ಹೆಚ್ಚುವರಿ ಸಮಯಕ್ಕೆ ಹೋಯಿತು. ಜಾನಿ ಯುನೈಟಸ್ ಮುನ್ನಡೆಸಿದ ಕೋಲ್ಟ್ಸ್ 23–17ರಿಂದ ಗೆದ್ದರು. ನಾಲ್ಕೂವರೆ ಕೋಟಿಯಷ್ಟು ಜನ ಅದನ್ನು ಟಿವಿಯಲ್ಲಿ ನೋಡಿದ್ದರು.

ಹಾಗೆ ನೋಡಿದವರಲ್ಲಿ ಟೆಕ್ಸಸ್‌ನ ತೈಲ ಕುಬೇರನ ಮಗ ಲಾಮಾರ್ ಹಂಟ್ ಒಬ್ಬರು. ಅವರಿಗೊಂದು ತಂಡ ಬೇಕಿತ್ತು, ಎನ್‌ಎಫ್‌ಎಲ್ ಕೊಡಲಿಲ್ಲ. ತಮ್ಮ ಹಾಗೆಯೇ ನಿರಾಶರಾದ ಇತರ ಹಣವಂತರನ್ನು ಸೇರಿಸಿಕೊಂಡು 1959ರಲ್ಲಿ ಅವರು ಎಎಫ್‌ಎಲ್ ಎಂಬ ಹೊಸ ಲೀಗನ್ನೇ ಕಟ್ಟಿದರು. ಎಂಟು ತಂಡಗಳೊಂದಿಗೆ 1960ರಲ್ಲಿ ಆಟ ಶುರುವಾಯಿತು. ಹಳೆಯ ಲೀಗ್ ನಕ್ಕಿತು. ಆದರೆ ಹೊಸಬರು ಹಳಬರು ಕಣ್ಣು ಹಾಯಿಸದ ಕಡೆ ಹುಡುಕಿದರು. ಕಪ್ಪು ವಿದ್ಯಾರ್ಥಿಗಳ ಕಾಲೇಜುಗಳಲ್ಲಿದ್ದ ಪ್ರತಿಭೆಯನ್ನು ಹಂಟ್ ಅವರ ತಂಡ ಮನಸಾರೆ ಬರಮಾಡಿಕೊಂಡಿತು. ಗ್ರ್ಯಾಂಬ್ಲಿಂಗ್ ಕಾಲೇಜಿನ ಬಕ್ ಬುಕ್ಯಾನನ್ ಅವರನ್ನು 1963ರ ಆಟಗಾರರ ಆಯ್ಕೆಯಲ್ಲಿ ಇಡೀ ಲೀಗಿಗೇ ಮೊದಲಿಗರಾಗಿ ಆರಿಸಿಕೊಂಡಿತು. 1964ರಲ್ಲಿ ಎನ್‌ಬಿಸಿ ಟಿವಿ ಐದು ವರ್ಷಕ್ಕೆ 3.6 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡ ಮೇಲೆ ಎಎಫ್‌ಎಲ್‌ಗೆ ಹಣದ ಚಿಂತೆ ಇರಲಿಲ್ಲ. ಅಲಬಾಮದ ಕಾಲೇಜು ತಾರೆ ಜೋ ನೇಮತ್ ಅವರನ್ನು ಎಎಫ್‌ಎಲ್‌ನ ನ್ಯೂಯಾರ್ಕ್ ಜೆಟ್ಸ್ 4,27,000 ಡಾಲರಿಗೆ ಸೆಳೆದುಕೊಂಡಾಗ ಎರಡೂ ಕಡೆಯ ಮಾಲೀಕರಿಗೆ ಈ ಪೈಪೋಟಿ ತಮ್ಮ ಬುಡಕ್ಕೇ ಕೊಡಲಿಯಾಗುತ್ತಿದೆ ಎಂಬುದು ಅರಿವಾಯಿತು.

ರಾಜಿ ಮಾತು ಗುಟ್ಟಾಗಿ ನಡೆಯಿತು. 1966ರ ಏಪ್ರಿಲಿನಲ್ಲಿ ಡಲ್ಲಾಸ್‌ನ ಲವ್ ಫೀಲ್ಡ್ ವಿಮಾನ ನಿಲ್ದಾಣದಲ್ಲಿರುವ ಟೆಕ್ಸಸ್ ರೇಂಜರ್ ಪ್ರತಿಮೆಯ ಬಳಿ ಹಂಟ್ ಮತ್ತು ಎನ್‌ಎಫ್‌ಎಲ್ ತಂಡವಾದ ಡಲ್ಲಾಸ್ ಕೌಬಾಯ್ಸ್‌ನ ಟೆಕ್ಸ್ ಶ್ರಾಮ್ ಭೇಟಿಯಾದರು. ಯಾರಾದರೂ ಗುರುತಿಸಿಬಿಟ್ಟಾರೆಂದು ನಿಲುಗಡೆಯಲ್ಲಿದ್ದ ಶ್ರಾಮ್ ಅವರ ಕಾರಿನೊಳಗೆ ಕುಳಿತು ಮಾತಾಡಿದರು. ಜೂನ್ 8ರಂದು ಎರಡೂ ಲೀಗುಗಳ ವಿಲೀನ ಪ್ರಕಟವಾಯಿತು. ಏಕಸ್ವಾಮ್ಯ ತಡೆಯುವ ಕಾನೂನಿನಿಂದ ಇದಕ್ಕೆ ವಿನಾಯಿತಿ ಬೇಕಿತ್ತು. ಸಂಸತ್ತಿನಲ್ಲಿ ಅದನ್ನು ದಾಟಿಸಲು ಲೂಯಿಸಿಯಾನದ ಇಬ್ಬರು ಪ್ರಭಾವಿಗಳಾದ ಹೇಲ್ ಬಾಗ್ಸ್ ಮತ್ತು ರಸೆಲ್ ಲಾಂಗ್ ನೆರವಾದರು. ಅದೇ ವರ್ಷದ ನವೆಂಬರ್ 1ರಂದು ಅವರ ರಾಜ್ಯದ ನ್ಯೂ ಆರ್ಲಿಯನ್ಸ್ ನಗರಕ್ಕೆ ಹೊಸ ತಂಡ ಮಂಜೂರಾಯಿತು. ಪೂರ್ಣ ವಿಲೀನ 1970ಕ್ಕೆ ನಿಗದಿಯಾಯಿತು. ಅಲ್ಲಿಯವರೆಗೆ ಎರಡು ಲೀಗುಗಳ ವಿಜೇತರು ವರ್ಷಕ್ಕೊಮ್ಮೆ ಎದುರಾಗಬೇಕೆಂದು ತೀರ್ಮಾನವಾಯಿತು. ಈ ಪಂದ್ಯಕ್ಕೆ ‘ಸೂಪರ್ ಬೌಲ್’ ಎಂಬ ಹೆಸರನ್ನು ಹಂಟ್ ಅವರೇ ತಮಾಷೆಗೆಂಬಂತೆ ಸೂಚಿಸಿದ್ದರು. ಎನ್‌ಎಫ್‌ಎಲ್ ಕಮಿಷನರ್ ಪೀಟ್ ರೋಜೆಲ್ ಅವರಿಗೆ ಅದು ಹಿಡಿಸಲಿಲ್ಲ, ಆದರೆ ಪತ್ರಿಕೆಗಳು ಬಿಡಲಿಲ್ಲ.

ಮೊದಲ ಪಂದ್ಯ 1967ರ ಜನವರಿ 15ರಂದು ಲಾಸ್ ಏಂಜಲೀಸ್‌ನ ಮೆಮೋರಿಯಲ್ ಕಾಲಿಸಿಯಂನಲ್ಲಿ ನಡೆಯಿತು. ಎನ್‌ಎಫ್‌ಎಲ್ ಕಡೆಯಿಂದ ವಿನ್ಸ್ ಲೊಂಬಾರ್ಡಿ ತರಬೇತಿಯ ಗ್ರೀನ್ ಬೇ ಪ್ಯಾಕರ್ಸ್, ಎಎಫ್‌ಎಲ್ ಕಡೆಯಿಂದ ಹಂಟ್ ಅವರ ಕಾನ್ಸಾಸ್ ಸಿಟಿ ಚೀಫ್ಸ್. ತೊಂಬತ್ತು ಸಾವಿರಕ್ಕೂ ಹೆಚ್ಚು ಜನ ಹಿಡಿಯುವ ಕ್ರೀಡಾಂಗಣಕ್ಕೆ ಬಂದವರು 61,946. ಅತಿ ದುಬಾರಿ ಟಿಕೆಟ್ಟಿಗೆ 12 ಡಾಲರ್. ಅದೇ ಹೆಚ್ಚಾಯಿತೆಂದು ಜನ ಗೊಣಗಿದರು. ಒಂದೊಂದು ಲೀಗಿಗೂ ಒಂದೊಂದು ಟಿವಿ ಸಂಸ್ಥೆಯ ಜೊತೆ ಒಪ್ಪಂದವಿದ್ದುದರಿಂದ ಸಿಬಿಎಸ್ ಮತ್ತು ಎನ್‌ಬಿಸಿ ಎರಡೂ ಪಂದ್ಯವನ್ನು ಪ್ರಸಾರ ಮಾಡಿದವು. ಚೆಂಡೂ ಎರಡು ಬಗೆಯದು: ಪ್ಯಾಕರ್ಸ್ ಆಡುವಾಗ ವಿಲ್ಸನ್ ಕಂಪನಿಯದು, ಚೀಫ್ಸ್ ಆಡುವಾಗ ಸ್ಪಾಲ್ಡಿಂಗ್ ಕಂಪನಿಯದು. ದ್ವಿತೀಯಾರ್ಧದ ಮೊದಲ ಒದೆತದ ಹೊತ್ತಿಗೆ ಎನ್‌ಬಿಸಿ ಇನ್ನೂ ಜಾಹೀರಾತಿನಲ್ಲೇ ಇದ್ದುದರಿಂದ ಚೆಂಡನ್ನು ಮತ್ತೊಮ್ಮೆ ಒದೆಸಲಾಯಿತು. ಆಟ ಟಿವಿಗಾಗಿ ಕಾಯುತ್ತದೆ ಎಂಬ ಪಾಠ ಮೊದಲ ದಿನವೇ ಮೈದಾನದ ಮೇಲೆ ಸ್ಪಷ್ಟವಾಗಿತ್ತು.

ಅಂದಿನ ಕಥಾನಾಯಕ ಪ್ಯಾಕರ್ಸ್ ತಂಡದ 34 ವರ್ಷದ ಮ್ಯಾಕ್ಸ್ ಮೆಗೀ. ಇಡೀ ಋತುವಿನಲ್ಲಿ ಬೆಂಚಿನ ಮೇಲೇ ಹೆಚ್ಚು ಕುಳಿತಿದ್ದ ಈ ಆಟಗಾರ ತನಗೆ ಅವಕಾಶ ಬರುವುದಿಲ್ಲವೆಂದು ಹಿಂದಿನ ರಾತ್ರಿ ಹೋಟೆಲಿನಿಂದ ಜಾರಿಕೊಂಡು ಊರು ಸುತ್ತಿ ಬಂದಿದ್ದರು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಸಹ ಆಟಗಾರ ಬಾಯ್ಡ್ ಡೌಲರ್ ಅವರ ಭುಜಕ್ಕೆ ಪೆಟ್ಟಾಗಿ ಮೆಗೀಗೆ ಕರೆ ಬಂತು. ಹೆಲ್ಮೆಟ್ ಬಟ್ಟೆ ಬದಲಿಸುವ ಕೋಣೆಯಲ್ಲೇ ಉಳಿದಿತ್ತು. ಯಾರದೋ ಹೆಲ್ಮೆಟ್ ಹಾಕಿಕೊಂಡು ಓಡಿದರು. ಕ್ವಾರ್ಟರ್‌ಬ್ಯಾಕ್ ಬಾರ್ಟ್ ಸ್ಟಾರ್ ಎಸೆದ ಚೆಂಡು ಬೆನ್ನ ಹಿಂದಕ್ಕೆ ಹೋದಾಗ ಒಂದೇ ಕೈ ಚಾಚಿ ಹಿಡಿದು ಗೆರೆ ದಾಟಿದರು. ಸೂಪರ್ ಬೌಲ್ ಚರಿತ್ರೆಯ ಮೊದಲ ಟಚ್‌ಡೌನ್ ಅದು. ಪ್ಯಾಕರ್ಸ್ 35–10ರಿಂದ ಗೆದ್ದರು. ಗೆದ್ದ ಆಟಗಾರರಿಗೆ ತಲಾ 15,000 ಡಾಲರ್, ಸೋತವರಿಗೆ 7,500 ಡಾಲರ್ ಸಿಕ್ಕಿತು. ಐದು ಕೋಟಿಗೂ ಹೆಚ್ಚು ಜನ ನೋಡಿದ ಈ ಪಂದ್ಯದ ಟೇಪನ್ನು ಎರಡು ಟಿವಿ ಸಂಸ್ಥೆಗಳಲ್ಲಿ ಯಾವುದೂ ಉಳಿಸಿಕೊಳ್ಳಲಿಲ್ಲ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಒಂದರ ಮೇಲೊಂದು ಕಾರ್ಯಕ್ರಮ ಮುದ್ರಿಸುವುದು ರೂಢಿ. ಬೇರೆಯಾಗಿ ತೆಗೆದಿದ್ದ ಚಲನಚಿತ್ರದ ತುಣುಕುಗಳನ್ನು ಜೋಡಿಸಿ, ರೇಡಿಯೋ ವೀಕ್ಷಕ ವಿವರಣೆ ಸೇರಿಸಿ ಎನ್‌ಎಫ್‌ಎಲ್ 2016ರಲ್ಲಿ ಅದನ್ನು ಮತ್ತೆ ಪ್ರಸಾರ ಮಾಡಿತು. ಇಂದು ಒಂದೊಂದು ಕ್ಷಣವನ್ನೂ ಹತ್ತಾರು ಕ್ಯಾಮೆರಾಗಳು ಹಿಡಿದಿಡುವ ಪಂದ್ಯದ ಮೊದಲ ಅಧ್ಯಾಯ ಹೀಗೆ ಅಳಿಸಿಹೋದದ್ದು ಚರಿತ್ರೆಗಾದ ನಷ್ಟ.

ಮರುವರ್ಷವೂ ಪ್ಯಾಕರ್ಸ್ ಸುಲಭವಾಗಿ ಗೆದ್ದರು. ಎಎಫ್‌ಎಲ್ ಎರಡನೇ ದರ್ಜೆಯದೆಂಬ ಮಾತು ಗಟ್ಟಿಯಾಯಿತು. 1969ರ ಜನವರಿ 12ರಂದು ಮಯಾಮಿಯಲ್ಲಿ ಜೆಟ್ಸ್ ತಂಡ ಬಾಲ್ಟಿಮೋರ್ ಕೋಲ್ಟ್ಸ್ ಎದುರು ಇಳಿದಾಗ ಬಾಜಿ ಕಟ್ಟುವವರು ಕೋಲ್ಟ್ಸ್‌ಗೆ ಸುಮಾರು 18 ಅಂಕಗಳ ಮೇಲುಗೈ ಕೊಟ್ಟಿದ್ದರು. ಪಂದ್ಯಕ್ಕೆ ಮೂರು ದಿನ ಮೊದಲು ಒಂದು ಔತಣಕೂಟದಲ್ಲಿ ಯಾರೋ ಕೆಣಕಿದಾಗ ಜೋ ನೇಮತ್ ಗೆಲುವು ತಮ್ಮದೇ ಎಂದು ಖಾತರಿ ಕೊಟ್ಟುಬಿಟ್ಟರು. ಉದ್ದ ಕೂದಲು, ಐಷಾರಾಮದ ಬದುಕಿನ ಈ 25ರ ತರುಣ ಹಿರಿಯರ ಕಣ್ಣಿಗೆ ಅಹಂಕಾರಿ, ಕಿರಿಯರ ಕಣ್ಣಿಗೆ ತಮ್ಮವನು. ಜೆಟ್ಸ್ 16–7ರಿಂದ ಗೆದ್ದರು. ನೇಮತ್ ಒಂದೂ ಟಚ್‌ಡೌನ್ ಎಸೆಯಲಿಲ್ಲ; ಎದುರಾಳಿಯ ರಕ್ಷಣೆಯನ್ನು ಓದಿ, ಓಟಗಾರ ಮ್ಯಾಟ್ ಸ್ನೆಲ್ ಕೈಗೆ ಮತ್ತೆ ಮತ್ತೆ ಚೆಂಡು ಕೊಟ್ಟು ಗಜ ಗಜವಾಗಿ ಮುಂದೆ ಸಾಗಿದರು. ಮುಂದಿನ ವರ್ಷ ಚೀಫ್ಸ್ ಕೂಡ ಮಿನೆಸೋಟ ವೈಕಿಂಗ್ಸ್ ತಂಡವನ್ನು 23–7ರಿಂದ ಮಣಿಸಿದ ಮೇಲೆ ಎರಡು ಲೀಗುಗಳು ಸಮವೆಂಬುದರಲ್ಲಿ ಅನುಮಾನ ಉಳಿಯಲಿಲ್ಲ. 1969ರ ಆ ಫಲಿತಾಂಶ ಬರದಿದ್ದರೆ ಸೂಪರ್ ಬೌಲ್ ಒಂದು ಔಪಚಾರಿಕ ಪ್ರದರ್ಶನ ಪಂದ್ಯವಾಗಿಯೇ ಸೊರಗುತ್ತಿತ್ತು ಎನ್ನಬಹುದು. ಸೋಲು–ಗೆಲುವು ಮೊದಲೇ ತಿಳಿದ ಆಟಕ್ಕೆ ಜನ ಕಾದು ಕೂರುವುದಿಲ್ಲ.

1970ರ ಸೆಪ್ಟೆಂಬರಿನಲ್ಲಿ ಲೊಂಬಾರ್ಡಿ ಕ್ಯಾನ್ಸರಿನಿಂದ ತೀರಿಕೊಂಡರು. ಟಿಫನಿ ಕಂಪನಿ ಬೆಳ್ಳಿಯಲ್ಲಿ ಮಾಡುವ ಟ್ರೋಫಿಗೆ ಅವರ ಹೆಸರಿಟ್ಟರು. ಪ್ರತಿವರ್ಷವೂ ಹೊಸ ಟ್ರೋಫಿ ತಯಾರಾಗಿ, ಗೆದ್ದ ತಂಡದ ಬಳಿಯೇ ಶಾಶ್ವತವಾಗಿ ಉಳಿಯುತ್ತದೆ. ಋತು ಒಂದು ವರ್ಷದಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುವುದರಿಂದ ಪಂದ್ಯಗಳನ್ನು ಇಸವಿಯ ಬದಲು ರೋಮನ್ ಅಂಕಿಯಿಂದ ಗುರುತಿಸುವ ಪದ್ಧತಿಯೂ ಬಂತು. ಮುಂದಿನ ದಶಕಗಳು ಒಂದೊಂದು ತಂಡದ ಹೆಸರಿನಲ್ಲಿ ನೆನಪಿರುತ್ತವೆ. 1972ರ ಋತುವಿನಲ್ಲಿ ಒಂದೂ ಪಂದ್ಯ ಸೋಲದೆ ಪಟ್ಟಕ್ಕೇರಿದ ಮಯಾಮಿ ಡಾಲ್ಫಿನ್ಸ್, ಎಪ್ಪತ್ತರ ದಶಕದ ಪಿಟ್ಸ್‌ಬರ್ಗ್ ಸ್ಟೀಲರ್ಸ್, ಎಂಬತ್ತರ ದಶಕದ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್, 2002ರಿಂದ 2019ರೊಳಗೆ ಆರು ಸಲ ಗೆದ್ದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್. ಗೆದ್ದವರಷ್ಟೇ ಸೋತವರನ್ನೂ ಜನ ನೆನಪಿಡುತ್ತಾರೆ. 1991ರಿಂದ 1994ರವರೆಗೆ ಸತತ ನಾಲ್ಕು ಫೈನಲ್ ಸೋತ ಬಫಲೋ ಬಿಲ್ಸ್ ಹೆಸರು ಎಷ್ಟೋ ಚಾಂಪಿಯನ್ನರಿಗಿಂತ ಹೆಚ್ಚು ಪರಿಚಿತ. ಅವುಗಳಲ್ಲಿ ಮೊದಲನೆಯದು ಒಂದೇ ಅಂಕದ ಸೋಲು: ಕೊನೆಯ ಸೆಕೆಂಡುಗಳಲ್ಲಿ ಸ್ಕಾಟ್ ನಾರ್ವುಡ್ 47 ಗಜ ದೂರದಿಂದ ಒದ್ದ ಚೆಂಡು ಗೋಲು ಕಂಬಗಳ ನಡುವೆ ಹೋಗದೆ ಬಲಗಡೆಗೆ ಹಾದುಹೋಯಿತು.

ಆ ಸೋಲು ಕಂಡ 1991ರ ಜನವರಿ 27 ಕೊಲ್ಲಿ ಯುದ್ಧ ಶುರುವಾಗಿ ಹತ್ತು ದಿನವಾಗಿದ್ದ ಹೊತ್ತು. ಟ್ಯಾಂಪಾ ಕ್ರೀಡಾಂಗಣದ ಬಾಗಿಲಲ್ಲಿ ಪ್ರೇಕ್ಷಕರನ್ನು ಒಬ್ಬೊಬ್ಬರಾಗಿ ತಪಾಸಣೆ ಮಾಡಿ ಒಳಗೆ ಬಿಟ್ಟರು. ಆಟದ ಬಿಡುವಿನಲ್ಲಿ ಎಬಿಸಿ ಟಿವಿ ಮನರಂಜನೆಯ ಬದಲು ಯುದ್ಧದ ವಾರ್ತೆ ತೋರಿಸಿತು. ವಿಟ್ನಿ ಹ್ಯೂಸ್ಟನ್ ಹಾಡಿದ ರಾಷ್ಟ್ರಗೀತೆ ಧ್ವನಿಮುದ್ರಿಕೆಯಾಗಿ ಬಿಡುಗಡೆಯಾಗಿ ಹಿಟ್ ಆಯಿತು. ಧ್ವಜ, ಯುದ್ಧವಿಮಾನಗಳ ಹಾರಾಟ, ಸೈನಿಕರಿಗೆ ನಮನ ಇವೆಲ್ಲ ಪಂದ್ಯದ ಭಾಗವಾದದ್ದು ರೋಜೆಲ್ ಕಾಲದಿಂದಲೇ. ಯುದ್ಧದ ವರ್ಷಗಳಲ್ಲಿ ಅವು ಇನ್ನಷ್ಟು ಢಾಳಾದವು.

ಇದೇ ಹೊತ್ತಿಗೆ ಬಿಡುವಿನ ಕಾರ್ಯಕ್ರಮ, ಅಂದರೆ ಹಾಫ್‌ಟೈಮ್ ಶೋ, ದಿಕ್ಕು ಬದಲಿಸಿತು. 1967ರಲ್ಲಿ ಆ ಹೊತ್ತನ್ನು ತುಂಬಿದ್ದು ಅರಿಜೋನಾ ಮತ್ತು ಗ್ರ್ಯಾಂಬ್ಲಿಂಗ್ ಕಾಲೇಜು ಬ್ಯಾಂಡುಗಳು. ಎರಡು ದಶಕ ಬ್ಯಾಂಡು, ಕುಣಿತ, ಕೌಟುಂಬಿಕ ಸಂಗೀತ ಇವೇ ನಡೆದವು. 1992ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಚಳಿಗಾಲವನ್ನೇ ವಿಷಯವಾಗಿಟ್ಟುಕೊಂಡು ಹಿಮದ ಮೇಲೆ ಜಾರುವವರನ್ನೆಲ್ಲ ಕರೆಸಿ ಪ್ರದರ್ಶನ ಏರ್ಪಡಿಸಿದ್ದರು. ಅದೇ ಸಮಯಕ್ಕೆ ಫಾಕ್ಸ್ ಚಾನೆಲ್ಲು ‘ಇನ್ ಲಿವಿಂಗ್ ಕಲರ್’ ಎಂಬ ಹಾಸ್ಯ ಕಾರ್ಯಕ್ರಮದ ವಿಶೇಷ ಕಂತನ್ನು ನೇರ ಪ್ರಸಾರ ಮಾಡಿತು. ಎರಡು ಕೋಟಿಗೂ ಹೆಚ್ಚು ಜನ ಅತ್ತ ತಿರುಗಿದರು. ಬಿಡುವಿನಲ್ಲಿ ಜನ ಎದ್ದುಹೋಗಬಲ್ಲರೆಂಬುದು ಎನ್‌ಎಫ್‌ಎಲ್‌ಗೆ ಆಗ ಹೊಳೆಯಿತು.

ಮರುವರ್ಷ ರೋಸ್ ಬೌಲ್ ಕ್ರೀಡಾಂಗಣದ ವೇದಿಕೆಗೆ ಮೈಕಲ್ ಜಾಕ್ಸನ್ ಬಂದರು. ಚಿಮ್ಮಿ ಮೇಲೆದ್ದು ನಿಂತವರು ಒಂದೂವರೆ ನಿಮಿಷದಷ್ಟು ಹೊತ್ತು ಅಲುಗಾಡಲಿಲ್ಲ. ಸೆಕೆಂಡಿಗೆ ಸಾವಿರಾರು ಡಾಲರ್ ಬೆಲೆಬಾಳುವ ಸಮಯದಲ್ಲಿ ಕೋಟ್ಯಂತರ ಜನ ನಿಂತ ಮನುಷ್ಯನೊಬ್ಬನನ್ನು ನೋಡುತ್ತ ಕುಳಿತರು. ಡಲ್ಲಾಸ್ ಕೌಬಾಯ್ಸ್ 52–17ರಿಂದ ಗೆದ್ದ ಏಕಪಕ್ಷೀಯ ಆಟವದು. ಅಂದು ಆಟಕ್ಕಿಂತ ಬಿಡುವಿಗೇ ಹೆಚ್ಚು ವೀಕ್ಷಕರು ದಕ್ಕಿದರು. ಅಲ್ಲಿಂದ ಮುಂದೆ ಈ ವೇದಿಕೆ ಜನಪ್ರಿಯ ಸಂಗೀತದ ಅತ್ಯುನ್ನತ ಪೀಠವಾಯಿತು. ಸಾಮಾನ್ಯ ಪಂದ್ಯದಲ್ಲಿ ಹನ್ನೆರಡು–ಹದಿಮೂರು ನಿಮಿಷದ ಬಿಡುವು ಇಲ್ಲಿ ಅರ್ಧ ಗಂಟೆಯ ಹತ್ತಿರ ಹಿಗ್ಗುತ್ತದೆ. ನೂರಾರು ಸ್ವಯಂಸೇವಕರು ಗಾಲಿಗಳ ಮೇಲಿರುವ ವೇದಿಕೆಯ ತುಂಡುಗಳನ್ನು ತಳ್ಳಿಕೊಂಡು ಬಂದು ಹುಲ್ಲಿಗೆ ಗಾಯವಾಗದಂತೆ ಕೆಲವೇ ನಿಮಿಷಗಳಲ್ಲಿ ಜೋಡಿಸಿ, ಹಾಡು ಮುಗಿದ ಕೂಡಲೇ ಬಿಚ್ಚಿ ಒಯ್ಯುತ್ತಾರೆ. ಕಲಾವಿದರಿಗೆ ಹಾಡಿದ್ದಕ್ಕೆ ಸಂಭಾವನೆ ಇಲ್ಲ. ಖರ್ಚು ಮಾತ್ರ ಲೀಗಿನದು. 2007ರಲ್ಲಿ ಮಯಾಮಿಯ ಸುರಿವ ಮಳೆಯಲ್ಲಿ ಪ್ರಿನ್ಸ್ ಗಿಟಾರ್ ನುಡಿಸಿದ್ದು ಈ ಪರಂಪರೆಯ ಶಿಖರವೆಂದು ಹಲವರು ಬಗೆಯುತ್ತಾರೆ, ಅದು ಸರಿಯಾದ ಮಾತೇ.

2004ರಲ್ಲಿ ಹ್ಯೂಸ್ಟನ್ನಿನಲ್ಲಿ ಆದದ್ದು ಬೇರೆ. ಜಸ್ಟಿನ್ ಟಿಂಬರ್‌ಲೇಕ್ ಕೈಯಿಂದ ಜಾನೆಟ್ ಜಾಕ್ಸನ್ ಅವರ ಉಡುಪು ಹರಿದು ಅರ್ಧ ಸೆಕೆಂಡಿನಷ್ಟು ಕಾಲ ಎದೆ ಕಾಣಿಸಿತು. ದೂರುಗಳ ಮಹಾಪೂರ ಬಂತು. ಸರ್ಕಾರಿ ನಿಯಂತ್ರಣ ಸಂಸ್ಥೆ ಸಿಬಿಎಸ್‌ಗೆ 5,50,000 ಡಾಲರ್ ದಂಡ ಹಾಕಿತು. ವರ್ಷಗಳ ನಂತರ ನ್ಯಾಯಾಲಯ ಅದನ್ನು ರದ್ದು ಮಾಡಿತು. ಟಿಂಬರ್‌ಲೇಕ್ 2018ರಲ್ಲಿ ಅದೇ ವೇದಿಕೆಗೆ ಮರಳಿದರು. ಜಾಕ್ಸನ್ ಅವರ ಹಾಡುಗಾರಿಕೆಯ ಬದುಕಿಗೆ ಬಿದ್ದ ಪೆಟ್ಟು ಮಾತ್ರ ಗುಣವಾಗಲು ಬಹುಕಾಲ ಹಿಡಿಯಿತು. ಒಂದೇ ಘಟನೆಯಲ್ಲಿದ್ದ ಇಬ್ಬರಲ್ಲಿ ಕಪ್ಪು ಹೆಣ್ಣಿನ ಮೇಲೇ ಹೊರೆ ಬಿದ್ದದ್ದು ಅನ್ಯಾಯ.

ಜಾಹೀರಾತು ಈ ದಿನದ ಇನ್ನೊಂದು ಆಕರ್ಷಣೆ. ಬೇರೆ ದಿನ ಜಾಹೀರಾತು ಬಂದರೆ ಎದ್ದುಹೋಗುವ ಜನ ಅಂದು ಅದಕ್ಕಾಗಿಯೇ ಕೂರುತ್ತಾರೆ. ಈ ರೂಢಿಗೆ ಬುನಾದಿ ಹಾಕಿದ್ದು 1984ರ ಜನವರಿ 22. ಅಂದು ಒಂದು ನಿಮಿಷದ ಕಿರುಚಿತ್ರ ಬಂತು: ಬೂದು ಬಣ್ಣದ ಸಭಾಂಗಣ, ಸಾಲಾಗಿ ಕುಳಿತ ನಿಸ್ತೇಜ ಮುಖಗಳು, ಪರದೆಯ ಮೇಲೆ ಅಪ್ಪಣೆ ಕೊಡುವ ದೊಡ್ಡ ಮುಖ, ಓಡಿಬಂದ ತರುಣಿಯೊಬ್ಬಳು ಸುತ್ತಿಗೆ ಬೀಸಿ ಪರದೆಯನ್ನು ಒಡೆಯುತ್ತಾಳೆ. ಜಾರ್ಜ್ ಆರ್ವೆಲ್ ಅವರ ‘1984’ ಕಾದಂಬರಿಯ ನೆರಳಿನಲ್ಲಿ ರಿಡ್ಲೆ ಸ್ಕಾಟ್ ನಿರ್ದೇಶಿಸಿದ ಇದು ಆಪಲ್ ಕಂಪನಿಯ ಮ್ಯಾಕಿಂಟೋಷ್ ಕಂಪ್ಯೂಟರಿನ ಜಾಹೀರಾತು. ಅದರಲ್ಲಿ ಕಂಪ್ಯೂಟರನ್ನೇ ತೋರಿಸಿರಲಿಲ್ಲ. ಕಂಪನಿಯ ನಿರ್ದೇಶಕ ಮಂಡಲಿಗೆ ಇದು ಸ್ವಲ್ಪವೂ ಇಷ್ಟವಾಗದೆ ಕೊಂಡಿದ್ದ ಸಮಯವನ್ನು ಮಾರಿಬಿಡುವ ಮಾತೂ ನಡೆದಿತ್ತು. ಪ್ರಸಾರವಾದ ರಾತ್ರಿಯೇ ಸುದ್ದಿವಾಹಿನಿಗಳು ಜಾಹೀರಾತನ್ನು ಸುದ್ದಿಯಾಗಿ ಮತ್ತೆ ತೋರಿಸಿದವು. 1967ರಲ್ಲಿ ಮೂವತ್ತು ಸೆಕೆಂಡಿಗೆ ಸುಮಾರು 40,000 ಡಾಲರ್ ಇದ್ದ ಬೆಲೆ 1990ರ ದಶಕದ ನಡುವಿಗೆ ಹತ್ತು ಲಕ್ಷ ದಾಟಿತು. 2025ರಲ್ಲಿ ಕೆಲವರು 80 ಲಕ್ಷ ಡಾಲರ್ ತೆತ್ತರು.

ಈ ಜಾಹೀರಾತುಗಳ ಪಟ್ಟಿ ಅಮೆರಿಕದ ಹಣದ ಜ್ವರವನ್ನು ಅಳೆಯುವ ದಾಖಲೆಯೂ ಹೌದು. 2000ದ ಪಂದ್ಯದಲ್ಲಿ ಹತ್ತಕ್ಕೂ ಹೆಚ್ಚು ಅಂತರ್ಜಾಲ ಕಂಪನಿಗಳು ಜಾಹೀರಾತು ಕೊಟ್ಟವು. ಕಾಲುಚೀಲದ ಗೊಂಬೆಯಿಂದ ಮನೆಮಾತಾದ ಪೆಟ್ಸ್ ಡಾಟ್ ಕಾಮ್ ಅದೇ ವರ್ಷದ ನವೆಂಬರಿನಲ್ಲಿ ಬಾಗಿಲು ಹಾಕಿತು. 2022ರಲ್ಲಿ ಕ್ರಿಪ್ಟೊ ಹಣದ ಕಂಪನಿಗಳ ಸರದಿ. ಅವುಗಳಲ್ಲೊಂದಾದ ಎಫ್‌ಟಿಎಕ್ಸ್ ಮತ್ತೆ ನವೆಂಬರಿನಲ್ಲೇ ದಿವಾಳಿಯಾಯಿತು.

ಮನೆಗಳಲ್ಲಿ ಈ ದಿನ ಊಟದ ದಿನ. ಅಮೆರಿಕನ್ನರು ಅತಿ ಹೆಚ್ಚು ತಿನ್ನುವ ದಿನಗಳಲ್ಲಿ ಥ್ಯಾಂಕ್ಸ್‌ಗಿವಿಂಗ್ ಬಿಟ್ಟರೆ ಇದೇ ಎಂದು ಹೇಳುವುದುಂಟು. ಆಟ ನಿಂತು ನಿಂತು ಸಾಗುವುದರಿಂದ ತಟ್ಟೆಯೂಟಕ್ಕಿಂತ ಕೈಯಲ್ಲಿ ಎತ್ತಿ ತಿನ್ನುವ ತಿನಿಸೇ ಅನುಕೂಲ. ಬಫಲೋ ನಗರದ ಆ್ಯಂಕರ್ ಬಾರ್‌ನಲ್ಲಿ 1964ರಲ್ಲಿ ಹುಟ್ಟಿತೆನ್ನುವ ಖಾರದ ಕೋಳಿರೆಕ್ಕೆ, ಮೆಕ್ಸಿಕೋದಿಂದ ಬರುವ ಬೆಣ್ಣೆಹಣ್ಣಿನ ಗ್ವಾಕಮೋಲೆ, ಚಿಪ್ಸು, ಬಿಯರು. ಕೋಳಿ ಉದ್ಯಮದ ಸಂಘದ ಅಂದಾಜಿನಂತೆ ಈ ಒಂದು ವಾರಾಂತ್ಯಕ್ಕೆ ಬೇಕಾಗುವ ರೆಕ್ಕೆಗಳು ನೂರು ಕೋಟಿಗೂ ಮೀರುತ್ತವೆ. ಆಟದ ನಿಯಮ ತಿಳಿಯದವರೂ ಸೇರುತ್ತಾರೆ. ವಲಸೆ ಬಂದ ಕುಟುಂಬಗಳಿಗೆ, ಅಲ್ಲಿ ನೆಲೆಸಿದ ಕನ್ನಡಿಗರಿಗೂ ಸೇರಿ, ನೆರೆಹೊರೆಯವರೊಡನೆ ಬೆರೆಯಲು ಇದು ಸುಲಭದ ದಾರಿ. ಗೆದ್ದವರು ಆ ಕ್ಷಣವೇ ತೊಡುವ ಅಂಗಿ, ಟೋಪಿಗಳು ಎರಡೂ ತಂಡಗಳ ಹೆಸರಿನಲ್ಲಿ ಮೊದಲೇ ಅಚ್ಚಾಗಿರುತ್ತವೆ. ಸೋತ ತಂಡವನ್ನು ಚಾಂಪಿಯನ್ ಎಂದು ಸಾರುವ ರಾಶಿ ಅಂಗಿಗಳನ್ನು ಅಮೆರಿಕದಲ್ಲಿ ಯಾರೂ ನೋಡದಂತೆ ಕಟ್ಟಿ, ದತ್ತಿ ಸಂಸ್ಥೆಗಳ ಮೂಲಕ ದೂರದ ಬಡ ದೇಶಗಳಿಗೆ ಕಳಿಸುತ್ತಾರೆ.

ಇಷ್ಟೊಂದು ಜನ ಒಟ್ಟಿಗೆ ನೋಡುವ ಕಡೆ ದೇಶದ ಜಗಳಗಳೂ ಬಂದು ಸೇರದೆ ಇರುವುದಿಲ್ಲ. ಎಲ್ಲಕ್ಕಿಂತ ದೊಡ್ಡದು ಜನಾಂಗದ ಪ್ರಶ್ನೆ. ಕಪ್ಪು ಆಟಗಾರರು ಓಡಬಲ್ಲರು, ಡಿಕ್ಕಿ ಹೊಡೆಯಬಲ್ಲರು, ಆದರೆ ಕ್ವಾರ್ಟರ್‌ಬ್ಯಾಕ್ ಆಗಿ ಯೋಚಿಸಲಾರರು ಎಂಬ ನೀಚ ನಂಬಿಕೆ ತರಬೇತುದಾರರಲ್ಲಿ ದಶಕಗಳ ಕಾಲ ಬೇರೂರಿತ್ತು. 1988ರ ಜನವರಿ 31ರಂದು ಸ್ಯಾನ್ ಡಿಯೇಗೊದಲ್ಲಿ ವಾಷಿಂಗ್ಟನ್ ತಂಡದ ಡಗ್ ವಿಲಿಯಮ್ಸ್ ಸೂಪರ್ ಬೌಲಿನಲ್ಲಿ ಆಡಲಿಳಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಆದರು. ಆಟದ ಮೊದಲ ಕಾಲು ಭಾಗದಲ್ಲಿ ತಂಡ 10–0ರಿಂದ ಹಿಂದೆ, ಅವರ ಮೊಣಕಾಲು ಉಳುಕಿತ್ತು. ಎರಡನೇ ಕಾಲು ಭಾಗದ ಹದಿನೈದು ನಿಮಿಷಗಳಲ್ಲಿ ಅವರು ನಾಲ್ಕು ಟಚ್‌ಡೌನ್ ಎಸೆದರು; ತಂಡ 35 ಅಂಕ ಗಳಿಸಿ ಕೊನೆಗೆ 42–10ರಿಂದ ಗೆದ್ದಿತು. ಕಪ್ಪು ತರಬೇತುದಾರನ ಗೆಲುವಿಗೆ 2007ರವರೆಗೆ ಕಾಯಬೇಕಾಯಿತು. ಆ ವರ್ಷ ಟೋನಿ ಡಂಜಿ ಮತ್ತು ಲವೀ ಸ್ಮಿತ್, ಎರಡೂ ಕಡೆಯವರೂ ಕಪ್ಪು ವರ್ಣೀಯರು, ಡಂಜಿ ಗೆದ್ದರು. ಎರಡೂ ಕಡೆ ಕಪ್ಪು ಕ್ವಾರ್ಟರ್‌ಬ್ಯಾಕುಗಳು ಎದುರಾದದ್ದು 2023ರಲ್ಲಿ, ಪ್ಯಾಟ್ರಿಕ್ ಮಹೋಮ್ಸ್ ಮತ್ತು ಜೇಲನ್ ಹರ್ಟ್ಸ್.

ಅರಿಜೋನಾ ಪ್ರಕರಣದಲ್ಲಿ ಲೀಗ್ ತನ್ನ ಹಣದ ಬಲವನ್ನು ಒಳ್ಳೆಯದಕ್ಕೆ ಬಳಸಿತು. ಮಾರ್ಟಿನ್ ಲೂಥರ್ ಕಿಂಗ್ ಜಯಂತಿಗೆ ರಜೆ ಕೊಡುವ ಪ್ರಸ್ತಾಪವನ್ನು ಆ ರಾಜ್ಯದ ಮತದಾರರು 1990ರಲ್ಲಿ ತಿರಸ್ಕರಿಸಿದರು. ಅಲ್ಲಿನ ಟೆಂಪಿ ನಗರಕ್ಕೆ ಕೊಟ್ಟಿದ್ದ 1993ರ ಪಂದ್ಯವನ್ನು ಎನ್‌ಎಫ್‌ಎಲ್ ಪಸಡೀನಾಕ್ಕೆ ಸಾಗಿಸಿತು. 1992ರಲ್ಲಿ ಅರಿಜೋನಾ ಮತ್ತೆ ಮತ ಹಾಕಿ ರಜೆಯನ್ನು ಒಪ್ಪಿತು. 1996ರ ಪಂದ್ಯ ಟೆಂಪಿಗೆ ಬಂತು. ಮೂಲನಿವಾಸಿಗಳ ಕೂಗಿಗೆ ಕಿವಿಗೊಡಲು ಮಾತ್ರ ಲೀಗ್ ಇಷ್ಟು ಚುರುಕಾಗಲಿಲ್ಲ. ತಮ್ಮನ್ನು ಹೀಯಾಳಿಸುವ ‘ರೆಡ್‌ಸ್ಕಿನ್ಸ್’ ಎಂಬ ವಾಷಿಂಗ್ಟನ್ ತಂಡದ ಹೆಸರಿನ ವಿರುದ್ಧ 1992ರಲ್ಲಿ ಮಿನಿಯಾಪೊಲಿಸ್ ಕ್ರೀಡಾಂಗಣದ ಹೊರಗೆ ಅವರು ದೊಡ್ಡ ಪ್ರತಿಭಟನೆ ನಡೆಸಿದರು. ಆ ಹೆಸರು ಹೋದದ್ದು 2020ರಲ್ಲಿ.

ಈ ಸಂಭ್ರಮಕ್ಕೆ ಆಟಗಾರರ ದೇಹ ತೆತ್ತ ಬೆಲೆ ತಡವಾಗಿ ಬೆಳಕಿಗೆ ಬಂತು. ಮೈಕ್ ವೆಬ್‌ಸ್ಟರ್ ಸ್ಟೀಲರ್ಸ್ ತಂಡದ ಸೆಂಟರ್ ಸ್ಥಾನದಲ್ಲಿ ಆಡಿ ನಾಲ್ಕು ಸೂಪರ್ ಬೌಲ್ ಗೆದ್ದವರು. ಪ್ರತಿ ಯತ್ನದಲ್ಲೂ ತಲೆಯನ್ನು ಎದುರಾಳಿಗೆ ಡಿಕ್ಕಿ ಹೊಡೆಸುವ ಸ್ಥಾನವದು. ನಿವೃತ್ತಿಯ ನಂತರ ಅವರ ನೆನಪು ಕೆಟ್ಟಿತು, ಸಂಸಾರ ಒಡೆಯಿತು, ವಾಹನದಲ್ಲಿ ರಾತ್ರಿ ಕಳೆಯುವ ಸ್ಥಿತಿ ಬಂತು. 2002ರಲ್ಲಿ 50ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪಿಟ್ಸ್‌ಬರ್ಗಿನಲ್ಲಿ ಶವಪರೀಕ್ಷೆ ಮಾಡಿದ ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು, ವೆಬ್‌ಸ್ಟರ್ ಅವರ ಮಿದುಳಿನಲ್ಲಿ ಪದೇ ಪದೇ ಬಿದ್ದ ಪೆಟ್ಟುಗಳಿಂದಾಗುವ ಸಿಟಿಇ ಎಂಬ ಕಾಯಿಲೆಯ ಗುರುತುಗಳನ್ನು ಕಂಡು 2005ರಲ್ಲಿ ಪ್ರಕಟಿಸಿದರು. ಲೀಗಿಗೆ ಸೇರಿದ ವೈದ್ಯರು ಆ ಪ್ರಬಂಧವನ್ನು ಹಿಂತೆಗೆಯಬೇಕೆಂದು ಪಟ್ಟು ಹಿಡಿದರು. 1986ರಲ್ಲಿ ಶಿಕಾಗೊ ಬೇರ್ಸ್ ಜೊತೆ ಗೆದ್ದಿದ್ದ ಡೇವ್ ಡ್ಯುಯರ್ಸನ್ 2011ರಲ್ಲಿ ತಮ್ಮ ಮಿದುಳನ್ನು ಸಂಶೋಧನೆಗೆ ಕೊಡಬೇಕೆಂದು ಬರೆದಿಟ್ಟು ಪ್ರಾಣ ಕಳೆದುಕೊಂಡರು. ಬಾಸ್ಟನ್ ವಿಶ್ವವಿದ್ಯಾಲಯದ ತಂಡ 2017ರಲ್ಲಿ ವರದಿ ಮಾಡಿದಂತೆ, ಪರೀಕ್ಷೆಗೆ ಬಂದ 111 ಮಾಜಿ ಎನ್‌ಎಫ್‌ಎಲ್ ಆಟಗಾರರ ಮಿದುಳುಗಳಲ್ಲಿ 110ರಲ್ಲಿ ಈ ಕಾಯಿಲೆ ಇತ್ತು. ದಾನವಾಗಿ ಬಂದ ಮಿದುಳುಗಳಲ್ಲಿ ರೋಗಲಕ್ಷಣ ಇದ್ದವರದೇ ಹೆಚ್ಚಿರುವುದು ಸಹಜ, ಆದ್ದರಿಂದ ಇದನ್ನು ಎಲ್ಲ ಆಟಗಾರರ ಸರಾಸರಿ ಎನ್ನಲಾಗದು. ಹಾಗಿದ್ದೂ ಆ ಸಂಖ್ಯೆಯನ್ನು ಓದಿದವರು ಹಳೆಯ ಪಂದ್ಯಗಳ ಡಿಕ್ಕಿಗಳನ್ನು ಮೊದಲಿನ ಹುಮ್ಮಸ್ಸಿನಿಂದ ನೋಡಲಾರರು.

ಸಾವಿರಾರು ಮಾಜಿ ಆಟಗಾರರು ಹೂಡಿದ ದಾವೆಯಲ್ಲಿ ಲೀಗ್ 2013ರಲ್ಲಿ 76.5 ಕೋಟಿ ಡಾಲರಿನ ರಾಜಿಗೆ ಒಪ್ಪಿತು. ಆಮೇಲೆ ಆ ಮಿತಿಯನ್ನೂ ತೆಗೆಯಲಾಯಿತು. ತಲೆ ತಗ್ಗಿಸಿ ಹೆಲ್ಮೆಟ್ಟಿನಿಂದ ಗುದ್ದುವುದನ್ನು 2018ರಲ್ಲಿ ತಪ್ಪೆಂದು ಸಾರಲಾಯಿತು. ಎರಡು ಸಾಲುಗಳು ದೂರದಿಂದ ಓಡಿಬಂದು ಅಪ್ಪಳಿಸುತ್ತಿದ್ದ ಆರಂಭದ ಒದೆತದ ನಿಯಮವನ್ನು 2024ರಲ್ಲಿ ಬದಲಿಸಿ ಆಟಗಾರರನ್ನು ಹತ್ತಿರ ಹತ್ತಿರ ನಿಲ್ಲಿಸಿದರು. ಎದುರಾಳಿಯನ್ನು ಕೆಡಹುವ ಬದಲು ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಕಿತ್ತರೆ ಸಾಕಾಗುವ, ಐದೈದು ಮಂದಿ ಆಡುವ ಫ್ಲ್ಯಾಗ್ ಫುಟ್‌ಬಾಲ್ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಸೇರ್ಪಡೆಯಾಗಿದೆ. ಎನ್‌ಎಫ್‌ಎಲ್ ಆಟಗಾರರು ಅದರಲ್ಲಿ ಪಾಲ್ಗೊಳ್ಳಲು ತಂಡಗಳ ಮಾಲೀಕರು 2025ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟರು.